ಮಧುಮೇಹಿಗಳೂ ಪಾದರಕ್ಷೆಯೂ

(ಶ್ರೀಮಠದ ಮಹೋತ್ಸವದ ಅಂಗವಾಗಿ, ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳ ಭಕ್ತರ ಸಭೆಯಲ್ಲಿ ಮಾಡಿದ ಉಪನ್ಯಾಸ)



ಮಹೋತ್ಸವದ ವೇದಿಕೆಯಿಂದ ಷಟ್‌ಸ್ಥಲ, ಅಷ್ಟಾವರಣ, ಪಂಚಾಚಾರಗಳ ವಿಚಾರ ಹೊರಡುವುದು ವಾಡಿಕೆ. ಇಂಥ ಸ್ಥಾನದಲ್ಲಿ ಕಾಲಿನ ಕೆರದ ಮಾತನ್ನೆತ್ತುವುದು ಕೆಲವರಿಗೆ ಹಗುರವಾಗಿ ತೋರಬಹುದು. ಆದರೆ ಈ ಮಂಟಪದ ಬಾಗಿಲಲ್ಲಿ ಈಗ ಬಿಚ್ಚಿಟ್ಟಿರುವ ಪಾದರಕ್ಷೆಗಳ ಸಾಲನ್ನು ಒಮ್ಮೆ ಕಣ್ಣಿಟ್ಟು ನೋಡಿದವರಿಗೆ ಹಾಗೆ ತೋರಲಾರದು. ಅವುಗಳಲ್ಲಿ ಹೆಚ್ಚಿನವು ಹೆಬ್ಬೆರಳ ಸಂದಿಗೆ ಪಟ್ಟಿಯನ್ನು ಸಿಕ್ಕಿಸಿಕೊಳ್ಳುವ, ಹಿಂಬದಿಯಲ್ಲಿ ಹಿಡಿತವಿಲ್ಲದ, ಹಿಮ್ಮಡಿಯ ಕಡೆಗೆ ಕಾಗದದಂತೆ ಸವೆದ ರಬ್ಬರು ಚಪ್ಪಲಿಗಳು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು ೨೦೨೩ರಲ್ಲಿ ಪ್ರಕಟವಾದ ಗಣನೆಯ ಪ್ರಕಾರ ನಮ್ಮ ದೇಶದಲ್ಲಿ ಮಧುಮೇಹವುಳ್ಳವರು ಹತ್ತು ಕೋಟಿಗೂ ಮಿಕ್ಕಿದ್ದಾರೆ. ಆದುದರಿಂದ ಬಾಗಿಲಲ್ಲಿರುವ ಆ ಚಪ್ಪಲಿಗಳ ಒಡೆಯರಲ್ಲಿಯೂ ಅಂಥವರು ಹಲವರಿರುವುದು ನಿಶ್ಚಯ. ಅವರು ಏನನ್ನು ಉಣ್ಣಬೇಕು, ಏನನ್ನು ಬಿಡಬೇಕು ಎಂಬುದನ್ನು ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ. ಏನನ್ನು ಮೆಟ್ಟಬೇಕೆಂಬುದನ್ನು ಹೇಳುವವರು ವಿರಳ.

ಘಟ್ಟದ ಕೆಳಗಿನ ಈ ಸೀಮೆಗೂ ಶಿವಾಚಾರಕ್ಕೂ ನಂಟು ಹೊಸದಲ್ಲ. ೧೭೬೩ರಲ್ಲಿ ಬಿದನೂರು ಹೈದರಾಲಿಯ ವಶವಾಗುವವರೆಗೆ ತುಳುನಾಡಿನ ಬಹುಭಾಗವು ಕೆಳದಿಯ ಅರಸರ ಆಳಿಕೆಯಲ್ಲಿದ್ದಿತು. ಇಂದು ಇಲ್ಲಿರುವ ಭಕ್ತರಲ್ಲಿ ಅನೇಕರಾದರೋ ಉದ್ಯೋಗ, ವ್ಯಾಪಾರ, ಅಧ್ಯಾಪನಗಳ ನಿಮಿತ್ತ ಘಟ್ಟವಿಳಿದು ಬಂದವರು. ಬಯಲುಸೀಮೆಯ ಒಣನೆಲಕ್ಕೆ ಒಗ್ಗಿದ ಕಾಲು ಈ ನೀರುನೆಲದಲ್ಲಿ ಬೇರೆ ರೀತಿಯ ಆರೈಕೆಯನ್ನು ಬೇಡುತ್ತದೆ. ಅದರ ಮೇಲೆ ಮಧುಮೇಹವೂ ಸೇರಿದರೆ ಹೇಳತಕ್ಕದ್ದೇನು?

ಮೊದಲು ವ್ಯಾಧಿಯ ಸ್ವರೂಪವನ್ನು ತಿಳಿಯಬೇಕು. ನಮ್ಮ ಪ್ರಾಚೀನ ವೈದ್ಯಾಚಾರ್ಯರಿಗೆ ಇದು ಅರಿಯದ ರೋಗವಾಗಿರಲಿಲ್ಲ. ಚರಕಸಂಹಿತೆಯ ನಿದಾನಸ್ಥಾನದಲ್ಲಿ ಪ್ರಮೇಹದ ಪೂರ್ವರೂಪಗಳನ್ನು ಎಣಿಸುವಾಗ, ರೋಗಿಯ ಮೂತ್ರಕ್ಕೆ ಇರುವೆಗಳು ಮುತ್ತುವುದನ್ನು ಹೇಳಿದೆ. ಬಾಯಿ ಸಿಹಿಯಾಗುವುದನ್ನು ಹೇಳಿದೆ. ಕೈಕಾಲುಗಳಲ್ಲಿ ಉರಿಯೂ ಜೋಮೂ ಉಂಟಾಗುವುದನ್ನೂ ಹೇಳಿದೆ. ಓದುವವರು ಇರುವೆಯ ಮಾತನ್ನು ನೆನಪಿಡುತ್ತಾರೆ, ಕಾಲಿನ ಮಾತನ್ನು ಮರೆಯುತ್ತಾರೆ. ಈ ಉಪನ್ಯಾಸಕ್ಕೆ ಬೇಕಾದುದು ಮರೆತ ಆ ಮಾತೇ.

ಆಧುನಿಕ ವೈದ್ಯಶಾಸ್ತ್ರವು ಅದನ್ನೇ ವಿಸ್ತರಿಸಿ ಹೇಳುತ್ತದೆ. ರಕ್ತದಲ್ಲಿ ಸಕ್ಕರೆಯು ವರ್ಷಗಟ್ಟಲೆ ಮಿತಿಮೀರಿ ನಿಂತರೆ ಎರಡು ಬಗೆಯ ಕೇಡು ಕಾಲಿಗೆ ಒದಗುತ್ತದೆ. ಮೊದಲನೆಯದು ನರಗಳ ಕೇಡು. ದೇಹದಲ್ಲಿ ಅತಿ ಉದ್ದವಾದ ನರಗಳು ಪಾದಕ್ಕೆ ಹೋಗುವವು. ಆದಕಾರಣ ಮೊದಲು ಕೆಡುವುವೂ ಅವೇ. ಬೆರಳ ತುದಿಯಲ್ಲಿ ಜೋಮು ತೊಡಗಿ ಕ್ರಮೇಣ ಅಂಗಾಲಿನ ಅರಿವೇ ಅಡಗಿಹೋಗುತ್ತದೆ. ಪಾದದೊಳಗಣ ಸಣ್ಣ ಸ್ನಾಯುಗಳು ಬಲಗುಂದಿ ಬೆರಳುಗಳು ಕೊಕ್ಕೆಯಂತೆ ಬಾಗುತ್ತವೆ. ಭಾರವೆಲ್ಲ ಬೆರಳ ಬುಡದ ಮೂಳೆಗಳ ಮೇಲೆ ಬೀಳುತ್ತದೆ. ಬೆವರು ನಿಂತು ಚರ್ಮವು ಒಣಗಿ ಬಿರಿಯುತ್ತದೆ. ಎರಡನೆಯದು ರಕ್ತನಾಳಗಳ ಕೇಡು. ನಾಳಗಳು ಕಿರಿದಾಗಿ ಪಾದಕ್ಕೆ ರಕ್ತವು ಸಾಕಷ್ಟು ತಲಪದು. ಆದ ಗಾಯ ಮಾಯದು. ಅರಿವಿಲ್ಲದ್ದರಿಂದ ಗಾಯವಾಗುತ್ತದೆ, ರಕ್ತವಿಲ್ಲದ್ದರಿಂದ ಅದು ಉಳಿಯುತ್ತದೆ. ಕಾಲನ್ನು ಕತ್ತರಿಸಬೇಕಾಗಿ ಬಂದ ಅನೇಕರ ಕಥೆಯನ್ನು ಮೂಲಕ್ಕೆ ಹುಡುಕಿದರೆ, ಅಳತೆಗೆ ಸಲ್ಲದ ಕೆರದಿಂದೆದ್ದ ಒಂದು ಬೊಕ್ಕೆಯೋ ಬರಿಗಾಲಿಗೆ ಚುಚ್ಚಿದ ಒಂದು ಮುಳ್ಳೋ ದೊರೆಯುತ್ತದೆ.

ಅರಿವು ಹೋಗಿದೆಯೆಂಬುದು ರೋಗಿಗೇ ತಿಳಿಯದು. ಇದೇ ಈ ವ್ಯಾಧಿಯ ಮೋಸ. ವೈದ್ಯರು ಅದನ್ನು ಕಂಡುಹಿಡಿಯಲು ಹತ್ತು ಗ್ರಾಂ ಒತ್ತಡಕ್ಕೆ ಬಾಗುವ ಒಂದು ನೈಲಾನ್ ಎಳೆಯನ್ನು ಅಂಗಾಲಿನ ಗೊತ್ತಾದ ಸ್ಥಳಗಳಿಗೆ ತಾಗಿಸುತ್ತಾರೆ. ರೋಗಿಯು ಕಣ್ಣು ಮುಚ್ಚಿರಬೇಕು. ಎಳೆ ತಾಗಿದುದು ತಿಳಿಯದಿದ್ದರೆ ಆ ಪಾದದ ಕಾವಲು ತಪ್ಪಿದೆಯೆಂದು ಅರ್ಥ. ನಿಮಿಷಗಳಲ್ಲಿ ಮುಗಿಯುವ ಈ ಪರೀಕ್ಷೆಯನ್ನು ಮಧುಮೇಹಿಯಾದ ಪ್ರತಿಯೊಬ್ಬ ಭಕ್ತನೂ ವರ್ಷಕ್ಕೊಮ್ಮೆಯಾದರೂ ಕೇಳಿ ಮಾಡಿಸಿಕೊಳ್ಳತಕ್ಕದ್ದು. ಅದರ ಫಲವನ್ನು ತಿಳಿಯದೆ ಕೆರ ಕೊಳ್ಳಹೋಗುವುದು ಅಳತೆಯಿಲ್ಲದೆ ಅಂಗಿ ಹೊಲಿಸಿದಂತೆ.

ನೋವು ಕಾವಲುಗಾರನೆಂಬ ತತ್ತ್ವವು ಲೋಕಕ್ಕೆ ಸ್ಪಷ್ಟವಾದುದು ನಮ್ಮ ನೆರೆಯ ತಮಿಳುನಾಡಿನಲ್ಲಿ. ಪಾಲ್ ಬ್ರಾಂಡ್ ಎಂಬ ಶಸ್ತ್ರವೈದ್ಯರು ಅಲ್ಲಿಯ ಕೊಲ್ಲಿ ಬೆಟ್ಟಗಳಲ್ಲಿ ೧೯೧೪ರಲ್ಲಿ ಹುಟ್ಟಿದವರು. ೧೯೪೬ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ಬಂದರು. ಕುಷ್ಠರೋಗಿಗಳ ಕೈಕಾಲುಗಳು ರೋಗದಿಂದಲೇ ಕೊಳೆತು ಉದುರುತ್ತವೆಂದು ಆ ಕಾಲದಲ್ಲಿ ಎಲ್ಲರೂ ನಂಬಿದ್ದರು. ಮಾಂಸವು ತಾನಾಗಿ ಕೊಳೆಯುವುದಲ್ಲ, ನೋವಿನ ಅರಿವಿಲ್ಲದವನು ದಿನವೂ ಅರಿಯದೆ ಗಾಯಮಾಡಿಕೊಳ್ಳುವುದರಿಂದ ಅಂಗವು ಹಾಳಾಗುವುದು ಎಂಬುದನ್ನು ಬ್ರಾಂಡರು ತೋರಿಸಿಕೊಟ್ಟರು. ಗಾಯಕ್ಕೆ ಮದ್ದು ಹಚ್ಚುವುದಕ್ಕಿಂತ ಗಾಯವಾಗದಂತೆ ಕಾಯುವುದು ಮುಖ್ಯವೆಂದ ಮೇಲೆ ಕೆರವೇ ಔಷಧವಾಯಿತು. ಅವರೂ ಅವರ ಸಂಗಡಿಗರೂ ಮೃದುವಾದ, ಸೂಕ್ಷ್ಮ ಗಾಳಿಗೂಡುಗಳುಳ್ಳ ರಬ್ಬರಿನ ಹಾಸನ್ನು ಕೆರದೊಳಗೆ ಇಟ್ಟು ನೋಡಿದರು, ಅದಕ್ಕೆ ಎಂ.ಸಿ.ಆರ್. ಎಂಬ ಹೆಸರು ಬಳಕೆಗೆ ಬಂದಿದೆ. ೧೯೬೬ರಲ್ಲಿ ಅವರು ಅಮೆರಿಕದ ಕಾರ್ವಿಲ್ ಎಂಬಲ್ಲಿಗೆ ಹೋದ ಬಳಿಕ, ಮಧುಮೇಹಿಯ ಅರಿವಿಲ್ಲದ ಪಾದಕ್ಕೂ ಇದೇ ನ್ಯಾಯ ಸಲ್ಲುವುದೆಂದು ಕಂಡುಕೊಂಡರು. ಕುಷ್ಠರೋಗಿಗಾಗಿ ಹುಟ್ಟಿದ ಕೆರವನ್ನು ಮೆಟ್ಟಲು ನಮ್ಮವರಲ್ಲಿ ಕೆಲವರು ಇಂದಿಗೂ ಹಿಂಜರಿಯುತ್ತಾರೆಂಬುದು ವಿಷಾದದ ಸಂಗತಿ.

ಇಲ್ಲಿ ಶಾಸ್ತ್ರ ಬಲ್ಲವರು ಒಂದು ಆಕ್ಷೇಪವನ್ನು ಎತ್ತುವುದುಂಟು. ಅದನ್ನು ಮರೆಸದೆ ವಿಚಾರಿಸತಕ್ಕದ್ದು. ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದ ಹನ್ನೊಂದನೆಯ ಅಧ್ಯಾಯವು ಪ್ರಮೇಹಚಿಕಿತ್ಸೆಯನ್ನು ಹೇಳುವುದು. ಅಲ್ಲಿ ಮಲ್ಲಯುದ್ಧ, ಕುದುರೆ ಸವಾರಿ ಮೊದಲಾದ ವ್ಯಾಯಾಮಗಳನ್ನು ವಿಧಿಸಿ, ಧನವೂ ಬಂಧುಗಳೂ ಇಲ್ಲದ ರೋಗಿಯು ಕೊಡೆಯನ್ನೂ ಪಾದರಕ್ಷೆಯನ್ನೂ ತೊರೆದು, ಭಿಕ್ಷಾನ್ನದಿಂದ ಜೀವಿಸುತ್ತ, ಊರಿಗೊಂದು ರಾತ್ರಿಯಂತೆ ತಂಗುತ್ತ, ಮುನಿಯಂತೆ ನೂರು ಯೋಜನ ನಡೆಯಬೇಕೆಂದು ಹೇಳಿದೆ. ಹೀಗಿರಲು ಬರಿಗಾಲ ನಡಿಗೆಯೇ ಈ ರೋಗಕ್ಕೆ ಶಾಸ್ತ್ರೋಕ್ತ ಚಿಕಿತ್ಸೆಯಲ್ಲವೇ ಎಂಬುದು ಅವರ ವಾದ. ಬೆಳಗಿನ ಹೊತ್ತು ಹುಲ್ಲಿನ ಮೇಲೆ ಬರಿಗಾಲಲ್ಲಿ ನಡೆದರೆ ಸಕ್ಕರೆ ಇಳಿಯುವುದೆಂದು ಊರೂರಲ್ಲಿ ಹಬ್ಬಿರುವ ಮಾತಿಗೂ ಕೆಲವರು ಈ ವಾಕ್ಯವನ್ನೇ ಆಧಾರವಾಗಿ ಹಿಡಿಯುತ್ತಾರೆ.

ಈ ವಾದವು ನಿಲ್ಲುವಂಥದಲ್ಲ. ಒಂದನೆಯದಾಗಿ, ಆ ವಿಧಿಯ ತಾತ್ಪರ್ಯವು ದೇಹಶ್ರಮದಲ್ಲಿಯೂ ಮಿತಾಹಾರದಲ್ಲಿಯೂ ಇದೆ. ಅದೇ ಸಂದರ್ಭದಲ್ಲಿ ಬಾವಿ ತೋಡುವುದನ್ನೂ ಗೋವುಗಳ ಸಂಗಡ ಅಲೆಯುವುದನ್ನೂ ಹೇಳಿರುವುದರಿಂದ ಇದು ಸ್ಪಷ್ಟವಾಗುತ್ತದೆ. ಕೊಡೆ ಕೆರಗಳಿಲ್ಲದಿರುವಿಕೆಯು ನಿರ್ಧನನ ಮುನಿವೃತ್ತಿಯ ವರ್ಣನೆಯೇ ಹೊರತು ಔಷಧದ ಅಂಗವಲ್ಲ. ಎರಡನೆಯದಾಗಿ, ಅದೇ ಸುಶ್ರುತನು ಅದೇ ಚಿಕಿತ್ಸಾಸ್ಥಾನದ ಇಪ್ಪತ್ತನಾಲ್ಕನೆಯ ಅಧ್ಯಾಯದಲ್ಲಿ ಪಾದರಕ್ಷೆಯು ಪಾದರೋಗಗಳನ್ನು ಕಳೆಯುವುದೆಂದೂ, ಸದಾ ಬರಿಗಾಲಲ್ಲಿ ತಿರುಗುವುದು ಆರೋಗ್ಯಕ್ಕೂ ಆಯುಸ್ಸಿಗೂ ಕೇಡೆಂದೂ ಸಾರಿದ್ದಾನೆ. ಚರಕನ ಸೂತ್ರಸ್ಥಾನದ ಐದನೆಯ ಅಧ್ಯಾಯವೂ ಪಾದರಕ್ಷೆಯ ಗುಣಗಳನ್ನು ಕೊಂಡಾಡುವುದು. ಒಂದು ಅಧ್ಯಾಯವನ್ನು ಓದಿ ಮತ್ತೊಂದನ್ನು ಮಡಿಸಿಟ್ಟವನಿಗೆ ಶಾಸ್ತ್ರಾರ್ಥವು ಒಲಿಯದು. ನಡಿಗೆಯನ್ನು ಬಿಡಬೇಕೆಂದು ಯಾರೂ ಹೇಳುತ್ತಿಲ್ಲ; ನಡಿಗೆಯು ಈ ವ್ಯಾಧಿಗೆ ಪರಮ ಹಿತವೇ ಸರಿ. ಕೆರ ಮೆಟ್ಟಿ ನಡೆಯಬೇಕೆಂದಷ್ಟೇ ಇಲ್ಲಿಯ ವಾದ.

ಇನ್ನು ಈ ನೆಲದ ವಿಚಾರ. ಈ ಮೂರು ತಾಲ್ಲೂಕುಗಳಲ್ಲಿ ವರ್ಷಕ್ಕೆ ೩೫೦೦ ಮಿಲಿಮೀಟರಿನ ಆಸುಪಾಸಿನಲ್ಲಿಯೋ ಅದಕ್ಕೂ ಮಿಕ್ಕಿಯೋ ಮಳೆ ಸುರಿಯುತ್ತದೆ. ಅಡಕೆಯ ತೋಟದಲ್ಲಿ ಕೆಸರು, ನೀರಿನ ಕಣಿ, ಬಿದ್ದ ಸೋಗೆ, ನಾಚಿಕೆಮುಳ್ಳು. ಗುಡ್ಡೆಯ ಮೇಲೆ ಅಲಗಿನಂತೆ ಚೂಪಾದ ಮುರಕಲ್ಲು. ಇಲ್ಲಿಯ ಹಳೆಯ ತಲೆಮಾರಿನ ಬೇಸಾಯಗಾರನು ತಲೆಗೆ ಅಡಕೆ ಹಾಳೆಯ ಮುಟ್ಟಾಳೆಯನ್ನು ತಪ್ಪದೆ ಇಟ್ಟುಕೊಂಡನು, ಕಾಲನ್ನು ಬರಿದೇ ಬಿಟ್ಟನು. ಅರಿವುಳ್ಳ ಕಾಲಿಗೆ ಅದು ನಡೆಯಿತು. ಮಳೆಗಾಲದಲ್ಲಿ ಬೆರಳ ಸಂದುಗಳು ಆರದೆ ಬಿಳಿಚಿ ಕೊಳೆಯುವುದು ಇಲ್ಲಿ ಯಾರಿಗೂ ಹೊಸತಲ್ಲ. ಆದರೆ ಮಧುಮೇಹಿಯಲ್ಲಿ ಆ ಸಂದಿನ ಬಿರುಕೇ ಕೀವಿಗೆ ಹೆಬ್ಬಾಗಿಲು. ಮನೆಗಳ ಕೆಂಪು ಕಾವಿಯ ನೆಲದ ಮೇಲೆ ರಕ್ತದ ಹೆಜ್ಜೆಗುರುತು ಕಾಣದೆಂಬುದನ್ನೂ ನೆನೆಯಬೇಕು. ಮಧುಮೇಹಿಯ ಕಾಲುಚೀಲವು ಬಿಳಿಯದಾಗಿರಲಿ ಎಂದು ವೈದ್ಯರು ಹೇಳುವುದು ಶೋಭೆಗಾಗಿ ಅಲ್ಲ. ರಕ್ತವೋ ಕೀವೋ ಒಸರಿದರೆ ಕೂಡಲೇ ಕಣ್ಣಿಗೆ ಬೀಳಲೆಂದು.

ಸುಳ್ಯ, ಪುತ್ತೂರು, ಕಡಬಗಳ ರಬ್ಬರು ತೋಟಗಳ ಮಾತೂ ಇಲ್ಲಿಗೆ ಸಲ್ಲುವುದು. ೧೯೬೪ರಲ್ಲಿ ಭಾರತಕ್ಕೂ ಸಿಂಹಳಕ್ಕೂ ಆದ ಒಪ್ಪಂದದ ಮೇರೆಗೆ ಮರಳಿದ ತಮಿಳು ಕುಟುಂಬಗಳಿಗೆ ಸರಕಾರದ ಅರಣ್ಯ ಅಭಿವೃದ್ಧಿ ನಿಗಮವು ಇಲ್ಲಿಯ ರಬ್ಬರು ತೋಟಗಳಲ್ಲಿ ಕೆಲಸ ಕೊಟ್ಟಿತು. ಮುಂಜಾವದ ಮಬ್ಬಿನಲ್ಲಿ ಮರದಿಂದ ಮರಕ್ಕೆ ನಡೆದು ಹಾಲು ತೆಗೆಯುವ ಆ ಜನರ ಕಾಲುಗಳೇ ಕಲ್ಲುಮುಳ್ಳುಗಳಿಗೆ ಮೊದಲು ಈಡಾಗುವುವು. ಪಾದವನ್ನು ಕಾಯುವ ವಸ್ತುವಿನ ಮೂಲದ್ರವ್ಯವು ಒಸರುವ ಮಣ್ಣಿನಲ್ಲಿಯೇ ಪಾದಗಳು ಬರಿದಾಗಿರುವುದು ವಿಚಿತ್ರವಲ್ಲವೇ?

ಆಯ್ಕೆಯ ಕ್ರಮವನ್ನು ಈಗ ಹೇಳಬೇಕು. ಕೆರ ಕೊಳ್ಳಲು ಹೋಗತಕ್ಕದ್ದು ಸಂಜೆಯ ಹೊತ್ತು. ಏಕೆಂದರೆ ದಿನದ ಓಡಾಟದಿಂದ ಪಾದವು ಕೊಂಚ ಊದಿರುತ್ತದೆ, ಬೆಳಗಿನ ಅಳತೆ ಸಂಜೆಗೆ ಬಿಗಿಯಾಗುತ್ತದೆ. ಎರಡು ಪಾದಗಳೂ ಸಮವಾಗಿರುವುದು ಅಪೂರ್ವ. ದೊಡ್ಡ ಪಾದಕ್ಕೆ ಹೊಂದುವುದನ್ನೇ ತೆಗೆದುಕೊಳ್ಳಬೇಕು. ಕುಳಿತು ಅಳೆಯಬಾರದು, ನಿಂತು ಅಳೆಯಬೇಕು. ಮೈಭಾರ ಬಿದ್ದಾಗ ಪಾದವು ಹರಡುತ್ತದೆ. ಕೆರದ ಒಳ ಉದ್ದವು ಅತಿ ಉದ್ದದ ಬೆರಳಿಗಿಂತ ಒಂದರಿಂದ ಎರಡು ಸೆಂಟಿಮೀಟರಿನಷ್ಟು ಮಿಕ್ಕಿರಬೇಕು. ಅದಕ್ಕಿಂತ ಸಡಿಲವಾದರೆ ಕಾಲು ಒಳಗೆ ಜಾರಾಡಿ ಉಜ್ಜುತ್ತದೆ, ಬಿಗಿಯಾದರೆ ಒತ್ತುತ್ತದೆ. ಅಗಲವು ಬೆರಳ ಬುಡದಲ್ಲಿ ಪಾದದ ಅಗಲಕ್ಕೆ ಸರಿಯಾಗಿರಬೇಕು. ಬೆರಳುಗಳ ಮೇಲೆ ಎತ್ತರವೂ ಬೇಕು. ಬಾಗಿದ ಬೆರಳುಳ್ಳವರಿಗಂತೂ ಇದು ಅತ್ಯವಶ್ಯ. ಮೊನೆಯಾದ ಮೂತಿಯ ಬೂಟುಗಳೂ ಎತ್ತರದ ಹಿಮ್ಮಡಿಯ ಕೆರಗಳೂ ಈ ರೋಗಿಗಳಿಗೆ ಸರ್ವಥಾ ತ್ಯಾಜ್ಯ.

ಇವೆಲ್ಲಕ್ಕಿಂತ ಮುಖ್ಯವಾದ ಒಂದು ಮಾತಿದೆ. ಅಂಗಡಿಯವನು ಮೆಟ್ಟಿಸಿ, “ಹೇಗಿದೆ, ಹಿತವಾಗಿದೆಯೇ?” ಎಂದು ಕೇಳುತ್ತಾನೆ. ಅರಿವುಗುಂದಿದ ಕಾಲಿನವನು ಆ ಪ್ರಶ್ನೆಗೆ ಉತ್ತರ ಕೊಡಲಾರ. ಅವನಿಗೆ ಬಿಗಿಯಾದ ಕೆರವೇ ಹಿತವೆನಿಸುವುದು. ಬಿಗಿತದಿಂದ ಮಾತ್ರವೇ ಅವನಿಗೆ ಕೆರ ಕಾಲಿನಲ್ಲಿರುವುದು ಗೊತ್ತಾಗುತ್ತದೆ. ಆದುದರಿಂದ ಕಾಲನ್ನು ಕೇಳಬಾರದು, ಅಳತೆಯನ್ನು ಕೇಳಬೇಕು. ಮಗನೋ ಸೊಸೆಯೋ ಜೊತೆಗೆ ಹೋಗಿ ಬೆರಳಿಟ್ಟು ನೋಡುವುದು ಇನ್ನೂ ಉತ್ತಮ.

ಹವಾಯಿ ಚಪ್ಪಲಿಯ ದೋಷಗಳು ಮೂರು. ಅದನ್ನು ಹಿಡಿದಿಡಲು ಬೆರಳುಗಳು ಹೆಜ್ಜೆಹೆಜ್ಜೆಗೂ ಮುಷ್ಟಿಕಟ್ಟಬೇಕು. ನಡುವಿನ ಪಟ್ಟಿ ಬೆರಳ ಸಂದನ್ನು ಕೊರೆಯುತ್ತದೆ. ಕಾಲಿನಿಂದ ಕಳಚಿಬಿದ್ದುದೂ ತಿಳಿಯದೆ ರೋಗಿಯು ಬರಿಗಾಲಲ್ಲಿ ಮುಂದೆ ನಡೆದುಬಿಡುತ್ತಾನೆ. ಕೊನೆಯದು ಕೇಳಿದವರಿಗೆ ನಗೆ ತರಿಸಬಹುದು, ಆದರೆ ವೈದ್ಯರಿಗೆ ಚಿರಪರಿಚಿತವಾದ ಸಂಗತಿ. ಮರದ ಹಾವುಗೆಯೂ ಇದೇ ವರ್ಗಕ್ಕೆ ಸೇರಿದುದು. ಅದರ ಗುಬಟೂ ಗಡಸೂ ಅರಿವಿಲ್ಲದ ಪಾದಕ್ಕೆ ಸಲ್ಲವು. ಬೇಕಾದುದು ಮುಂಗಾಲಿಗೆ ಅಗಲವಾದ ಪಟ್ಟಿಯೂ ಹಿಮ್ಮಡಿಗೆ ಹಿಂಪಟ್ಟಿಯೂ ಉಳ್ಳ, ಬಿಗಿ ಸಡಿಲ ಮಾಡಿಕೊಳ್ಳಬಹುದಾದ ಕೆರ. ಒಳಹಾಸು ಮೃದುವಾಗಿಯೂ ಹೊರ ಅಟ್ಟೆ ಮುಳ್ಳು ತೂರದಷ್ಟು ಗಟ್ಟಿಯಾಗಿಯೂ ಇರಬೇಕು. ಒಳಹಾಸು ಶೋರ್ ಎಂಬ ಮಾನದಲ್ಲಿ ಸುಮಾರು ೧೫ರಷ್ಟಿರುವ ಎಂ.ಸಿ.ಆರ್. ಆಗಿರಲಿ. ಆ ಹೆಸರಿನ ರಬ್ಬರಿನಲ್ಲಿ ಗಡಸು ಜಾತಿಗಳೂ ಇರುವುದರಿಂದ ಹೆಸರನ್ನು ನಂಬಿದರೆ ಸಾಲದು. ಹೆಬ್ಬೆರಳಿಂದ ಒತ್ತಿದರೆ ತಗ್ಗಬೇಕು, ಬಿಟ್ಟರೆ ಮತ್ತೆ ಮೇಲೇಳಬೇಕು. ಎದ್ದುಬರದಂತೆ ಚಪ್ಪಟೆಯಾದ ದಿನ ಅದರ ಆಯುಷ್ಯ ಮುಗಿಯಿತು. ಹೊರಗೆ ಎಷ್ಟೇ ಹೊಸದಾಗಿ ಕಂಡರೂ ಬದಲಿಸಬೇಕು. ಅಟ್ಟೆಯನ್ನು ಅಂಟಿನಿಂದಲೋ ಹೊಲಿಗೆಯಿಂದಲೋ ಕೂಡಿಸಿರಬೇಕೇ ಹೊರತು ಮೊಳೆಯಿಂದಲ್ಲ.

ಹೊಸ ಕೆರವನ್ನು ಮೊದಲ ದಿನವೇ ಇಡೀ ದಿನ ಮೆಟ್ಟಬಾರದು. ಒಂದು ಗಂಟೆ ಮೆಟ್ಟಿ, ತೆಗೆದು, ಪಾದವನ್ನು ಬೆಳಕಿನಲ್ಲಿ ನೋಡಬೇಕು. ಕೆಂಪಾದ ಗುರುತು ಬೇಗನೆ ಮಾಯದೆ ಉಳಿದರೆ ಅಲ್ಲಿ ಒತ್ತುತ್ತಿದೆಯೆಂದು ತಿಳಿಯಬೇಕು. ಮಳೆಗಾಲದಲ್ಲಿ ಎರಡು ಜೊತೆ ಇಟ್ಟುಕೊಂಡು, ಒಂದು ಆರುವಾಗ ಇನ್ನೊಂದನ್ನು ಮೆಟ್ಟುವುದು ಒಳ್ಳೆಯದು. ತೋಟದಲ್ಲಿ ಮೊಣಕಾಲೆತ್ತರದ ರಬ್ಬರು ಬೂಟು ಮುಳ್ಳಿಗೂ ಜಿಗಣೆಗೂ ತಡೆ ನಿಜ, ಆದರೆ ಅದರೊಳಗೆ ಗಾಳಿಯಾಡದು. ಹತ್ತಿಯ ಕಾಲುಚೀಲದೊಡನೆ ಕೆಲಸದ ಹೊತ್ತಿಗಷ್ಟೇ ಮೆಟ್ಟಿ, ಮನೆಗೆ ಬಂದೊಡನೆ ಕಳಚಿ, ಬೆರಳ ಸಂದುಗಳನ್ನು ಒರೆಸಿ ಆರಿಸಬೇಕು. ಯಾವ ಕೆರವನ್ನೇ ಆಗಲಿ ಮೆಟ್ಟುವ ಮುನ್ನ ತಲೆಕೆಳಗಾಗಿ ಕೊಡಹಿ, ಕೈಹಾಕಿ ನೋಡತಕ್ಕದ್ದು. ಈ ಊರುಗಳಲ್ಲಿ ಕಪ್ಪೆ, ಚೇಳು, ಶತಪದಿಗಳು ಬೂಟನ್ನು ಬಿಡಾರ ಮಾಡಿಕೊಳ್ಳುವುದು ಎಲ್ಲರಿಗೂ ಗೊತ್ತು. ಒಂದು ಸಣ್ಣ ಕಲ್ಲು ಒಳಗೆ ಸೇರಿದ್ದರೂ ಅರಿವಿಲ್ಲದ ಪಾದವು ದಿನವೆಲ್ಲ ಅದರ ಮೇಲೆ ನಡೆದೀತು.

ಇನ್ನು ಭಕ್ತಿಗೆ ಸಂಬಂಧಪಟ್ಟ ಸೂಕ್ಷ್ಮ ವಿಚಾರ. ಪುತ್ತೂರಿನ ಮಹಾಲಿಂಗೇಶ್ವರನ ಜಾತ್ರೆ ನಡೆಯುವುದು ಏಪ್ರಿಲ್ ತಿಂಗಳಲ್ಲಿ. ಆಗಿನ ಬಿಸಿಲಿಗೆ ಕಲ್ಲಿನ ಅಂಗಳವು ಕಾದ ಕಾವಲಿಯಂತಿರುತ್ತದೆ. ಕಡಬ ತಾಲ್ಲೂಕಿನ ಕುಕ್ಕೆಯಲ್ಲಿ ಕುಮಾರಧಾರೆಯಿಂದ ದೇವಸ್ಥಾನದವರೆಗೆ ಬರಿಗಾಲಲ್ಲಿ ನಡೆದುಬರುವ ಭಕ್ತರು ಅಸಂಖ್ಯ. ಶಿವರಾತ್ರಿಗೆ ಧರ್ಮಸ್ಥಳಕ್ಕೂ ಯುಗಾದಿಗೆ ಶ್ರೀಶೈಲಕ್ಕೂ ನೂರಾರು ಮೈಲಿ ಪಾದಯಾತ್ರೆ ಮಾಡುವವರಲ್ಲಿ ಅನೇಕರು ಕೆರವನ್ನು ತೊರೆದೇ ಹೊರಡುತ್ತಾರೆ. ಅರಿವುಳ್ಳ ಪಾದದವನು ಬಿಸಿ ತಾಗಿದೊಡನೆ ನೆರಳಿಗೆ ಹಾರುತ್ತಾನೆ. ಅರಿವಿಲ್ಲದವನು ನಿಂತೇ ಇರುತ್ತಾನೆ. ರಾತ್ರಿ ಮನೆಗೆ ಹೋದಾಗ ಅಂಗಾಲಿನ ಚರ್ಮವು ಬೊಕ್ಕೆಯೆದ್ದು ಸುಲಿದಿರುವುದನ್ನು ಹೆಂಡತಿಯೋ ಮಕ್ಕಳೋ ಕಾಣುತ್ತಾರೆ.

ಬಿಸಿಲಿಗೆ ಮುನ್ನ ಮುಂಜಾನೆಯೇ ದರ್ಶನಕ್ಕೆ ಹೋಗಬಹುದು. ಅಂಗಳಕ್ಕೆ ತೆಂಗಿನ ನಾರಿನ ಹಾಸನ್ನು ಹಾಸಬಹುದು. ಒಳಗೆ ಕೆರ ಸಲ್ಲದ ಕಡೆ ದಪ್ಪ ಕಾಲುಚೀಲ ಹಾಕಿಕೊಳ್ಳಬಹುದು; ಅದು ಬರಿಗಾಲಿಗಿಂತ ಮೇಲು, ಕೆರಕ್ಕೆ ಸಮವಲ್ಲ, ಆದಕಾರಣ ಸ್ವಲ್ಪ ಹೊತ್ತಿಗೆ ಮಾತ್ರ. ಮನೆಯೊಳಗೂ ಬರಿಗಾಲು ಸಲ್ಲದು. ಹೊರಗಿನ ಕೊಳೆ ತಾಗದ, ಚರ್ಮದಿಂದ ಮಾಡದ, ತೊಳೆದಿಟ್ಟ ಒಂದು ಜೊತೆಯನ್ನು ಮನೆಯ ಬಳಕೆಗೆಂದೇ ಬೇರೆ ಇಡಬೇಕು. ಪಾದಯಾತ್ರೆಯ ಹರಕೆ ಹೊತ್ತವರು ಹರಕೆಯನ್ನು ನಡಿಗೆಗೆ ಮಾತ್ರ ಹೊತ್ತುಕೊಳ್ಳಲಿ, ಬರಿಗಾಲಿಗೆ ಬೇಡ. ಇಷ್ಟು ಹೇಳಿದರೂ ಭಕ್ತನ ಮನಸ್ಸಿನ ಅಳುಕು ಹೋಗದು. ಅದು ಹೋಗಬೇಕಾದರೆ ಮಠಗಳೇ ಅಪ್ಪಣೆ ಕೊಡಬೇಕು. ವೈದ್ಯನ ನೂರು ಚೀಟಿಗಳು ಮಾಡದ ಕೆಲಸವನ್ನು ಗುರುವಿನ ಒಂದು ಮಾತು ಮಾಡುವುದು. ಮಧುಮೇಹಿಗಳು ಶುದ್ಧವಾದ ಒಳಗೆರವನ್ನು ಮೆಟ್ಟಿ ದಾಸೋಹದ ಪಂಕ್ತಿಗೆ ಬರಬಹುದೆಂದು ಬಾಗಿಲಲ್ಲಿ ಒಂದು ಫಲಕವನ್ನು ಹಾಕಿದರೆ ಆಚಾರಕ್ಕೆ ಊನವೇನು?

ಕೆರವೆಂದರೆ ಮೈಲಿಗೆಯೆಂದು ಶರಣಪರಂಪರೆಯವರು ಹೇಳುವಂತಿಲ್ಲ. ಕಲ್ಯಾಣದ ಸಮಗಾರ ಹರಳಯ್ಯನೂ ಅವನ ಸತಿ ಕಲ್ಯಾಣಮ್ಮನೂ ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆಗಳನ್ನು ಮಾಡಿ ಬಸವಣ್ಣನವರಿಗೆ ಅರ್ಪಿಸಿದರೆಂಬ ಐತಿಹ್ಯವನ್ನು ಇಲ್ಲಿರುವ ಮಕ್ಕಳೂ ಬಲ್ಲರು. ಆ ಕೆರವನ್ನು ತಲೆಯ ಮೇಲೆ ಹೊತ್ತುಕೊಳ್ಳುವಷ್ಟು ಪವಿತ್ರವೆಂದು ಬಗೆದ ಪರಂಪರೆಯಲ್ಲಿ, ವೈದ್ಯನು ವಿಧಿಸಿದ ಕೆರಕ್ಕೆ ಹೊಸಿಲಾಚೆಯೇ ಸ್ಥಾನವೆನ್ನುವುದು ವಿಚಾರಿಸಬೇಕಾದ ಮಾತು.

ಈ ವಿದ್ಯೆಯು ನಿಂತ ನೀರಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಯಂತ್ರಶಾಸ್ತ್ರ ವಿಭಾಗದವರು ಅದೇ ನಗರದ ಕರ್ನಾಟಕ ಅಂತಃಸ್ರಾವಶಾಸ್ತ್ರ ಸಂಶೋಧನಾ ಸಂಸ್ಥೆಯೊಡನೆ ಕೂಡಿ ರೂಪಿಸಿದ ಒಂದು ಪಾದರಕ್ಷೆಯ ಸುದ್ದಿ ೨೦೨೨ರಲ್ಲಿ ಹೊರಬಿದ್ದಿತು. ಅದರ ಅಟ್ಟೆಯಲ್ಲಿ ಸಣ್ಣ ಸಣ್ಣ ಕಮಾನುಗಳಿವೆ. ಒಂದೆಡೆ ಒತ್ತಡವು ಮಿತಿಮೀರಿದರೆ ಅಲ್ಲಿಯ ಕಮಾನು ಚಟ್ಟನೆ ಕೆಳಮುಖವಾಗಿ ಭಾರವನ್ನು ಇಳಿಸುತ್ತದೆ, ಒತ್ತಡ ಕಳೆದೊಡನೆ ಮತ್ತೆ ಮೇಲೇಳುತ್ತದೆ. ರೋಗಿಗೆ ತಿಳಿಯದುದು ಅಟ್ಟೆಗೆ ತಿಳಿಯುವಂತೆ ಮಾಡಿದ ಯುಕ್ತಿ ಇದು. ಆದರೆ ಇಂಥದಕ್ಕಾಗಿ ಕಾಯುತ್ತ ಇದ್ದ ಕಾಲನ್ನು ಕಳೆದುಕೊಳ್ಳಬಾರದು.

ಕೆಲವರಿಗೆ ಅಂಗಡಿಯ ಯಾವ ಕೆರವೂ ಸಲ್ಲದು. ಪಾದದ ಆಕಾರ ಕೆಟ್ಟವರೂ, ಹಿಂದೆ ಒಮ್ಮೆ ಹುಣ್ಣಾದವರೂ, ಬೆರಳು ಕಳೆದುಕೊಂಡವರೂ ವೈದ್ಯರ ಸೂಚನೆಯಂತೆ ಅಚ್ಚು ತೆಗೆಸಿ ಮಾಡಿಸಿಕೊಳ್ಳಬೇಕು. ಹುಣ್ಣು ಈಗಲೇ ಇದ್ದರೆ ಕೆರ ಬದಲಿಸುವುದು ಚಿಕಿತ್ಸೆಯಲ್ಲ. ಒಂದು ಪಾದವು ನೋವಿಲ್ಲದೆಯೇ ಕೆಂಪಾಗಿ, ಬಿಸಿಯಾಗಿ ಊದಿದ್ದರೆ ಒಳಗೆ ಮೂಳೆಗಳು ಕುಸಿಯುತ್ತಿರಬಹುದು. ನೋವಿಲ್ಲವೆಂದು ಸಮಾಧಾನಪಡದೆ ಅದೇ ದಿನ ಆಸ್ಪತ್ರೆಗೆ ಹೋಗತಕ್ಕದ್ದು.

ಉಳಿದವರಿಗೆ ದೂರದ ಪೇಟೆಯ ಅಗತ್ಯವಿಲ್ಲ. ಊರಿನ ಚಪ್ಪಲಿ ಹೊಲಿಯುವವನ ಬಳಿಗೆ ಹೋಗುವಾಗ, ಸಂಜೆ ಕಾಗದದ ಮೇಲೆ ನಿಂತು ಎರಡು ಪಾದಗಳ ಸುತ್ತ ಎಳೆದ ಗೆರೆಯನ್ನು ಒಯ್ಯಬೇಕು. ಆಣಿಯೋ ಗಡಸು ಚರ್ಮವೋ ಇರುವ ಜಾಗಕ್ಕೆ ಇದ್ದಿಲಿನಿಂದ ಗುರುತು ಹಾಕಬೇಕು. ಇರುವ ಚಪ್ಪಲಿಗೇ ಹಿಂಪಟ್ಟಿ ಸೇರಿಸಿ, ಮೃದು ರಬ್ಬರಿನ ಹಾಸನ್ನು ಅಂಟಿಸಿಕೊಡುವುದು ಅವನಿಗೆ ಅಸಾಧ್ಯವಲ್ಲ. ಮೊಳೆ ಹೊಡೆಯಬಾರದೆಂದು ಮೊದಲೇ ಹೇಳಬೇಕು. ಕೂಲಿ ಕೊಡುವ ಮುನ್ನ ಕೈಯನ್ನು ಒಳಗೆ ಹಾಕಿ, ಹಿಮ್ಮಡಿಯಿಂದ ಬೆರಳ ತುದಿಯವರೆಗೆ ಅಟ್ಟೆಯನ್ನು ಸವರಿ ನೋಡಬೇಕು. ಗಂಟೋ ಹೊಲಿಗೆಯ ಉಬ್ಬೋ ಸಿಕ್ಕಿದರೆ ಅಲ್ಲಿಯೇ ಕುಳಿತು ಸರಿಮಾಡಿಸಿಕೊಂಡು ಬರಬೇಕು.